ಘಟ್ಟದ ಬಾಗಿಲಿನ ಎರಡು ಪೇಟೆಗಳು

ಮೈಸೂರಿನಿಂದ ಊಟಿಗೆ ಹೋಗುವವರೆಲ್ಲರೂ ಗುಂಡ್ಲುಪೇಟೆಯನ್ನು ಹಾದೇ ಹೋಗುತ್ತಾರೆ. ಆದರೆ ಗುಂಡ್ಲುಪೇಟೆಯನ್ನೇ ನೋಡಬೇಕೆಂದು ಹೊರಟವರನ್ನು ನಾನು ಇದುವರೆಗೆ ಕಂಡಿಲ್ಲ. ಬಸ್ಸು ಹತ್ತು ನಿಮಿಷ ನಿಲ್ಲುವುದು. ಒಂದು ಕಾಫಿ, ಮಕ್ಕಳಿಗೆ ಒಂದು ಪೊಟ್ಟಣ ಬಿಸ್ಕತ್ತು, ಮತ್ತೆ ಪ್ರಯಾಣ. ಪಕ್ಕದ ಚಾಮರಾಜನಗರಕ್ಕಂತೂ ಆ ಹತ್ತು ನಿಮಿಷದ ಭಾಗ್ಯವೂ ಇಲ್ಲ. ಅಲ್ಲಿಗೆ ರೈಲು ಹೋಗುವುದೇನೋ ಉಂಟು. ಆದರೆ ಅಲ್ಲಿಂದ ಮುಂದಕ್ಕೆ ಹೋಗದು. ಕಂಬಿ ಅಲ್ಲಿಗೇ ಮುಗಿಯಿತು.

ಹೀಗಿದ್ದರೂ ಈ ಎರಡು ಊರುಗಳು ಸಾಮಾನ್ಯವಾದುವಲ್ಲ. ಮೈಸೂರು ಸೀಮೆಯ ಬಯಲು ಮುಗಿದು ನೀಲಗಿರಿಯ ಕಾಡು ತೊಡಗುವ ಅಂಚಿನಲ್ಲಿ, ಕನ್ನಡ, ತಮಿಳು, ಮಲಯಾಳ ಮೂರು ನಾಡುಗಳ ದಾರಿಗಳು ಕೂಡುವ ಎಡೆಯಲ್ಲಿ, ಇವು ನೂರಾರು ವರ್ಷಗಳಿಂದ ಕೊಡುವ-ಕೊಳ್ಳುವ ಕೆಲಸವನ್ನು ನಡೆಸಿಕೊಂಡು ಬಂದಿವೆ. ರಾಜರು ಬಂದರು, ಹೋದರು. ಊರುಗಳ ಹೆಸರುಗಳೇ ಬದಲಾದುವು. ಸಂತೆ ಮಾತ್ರ ಎದ್ದು ಹೋಗಲಿಲ್ಲ.

ಇಂಗ್ಲೆಂಡಿನಲ್ಲಿ ‘ಮಾರ್ಕೆಟ್ ಟೌನ್’ ಎಂಬ ಊರುಗಳ ಒಂದು ಪಂಗಡವೇ ಉಂಟು. ಅಲ್ಲಿ ವಾರದ ಸಂತೆ ಸೇರಿಸಬೇಕಾದರೆ ದೊರೆಯ ಸನ್ನದು ಬೇಕಾಗಿದ್ದಿತು. ಹದಿಮೂರನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಬ್ರಾಕ್ಟನ್ ಎಂಬಾತನು ಒಂದು ಸೊಗಸಾದ ಲೆಕ್ಕವನ್ನು ಬರೆದಿಟ್ಟಿದ್ದಾನೆ: ಇರುವ ಸಂತೆಗೆ ಆರು ಮುಕ್ಕಾಲು ಮೈಲಿಗಿಂತ ಕೊಂಚ ಕಡಮೆ, ಎಂದರೆ ಆರು ಮೈಲಿಯ ಮೇಲೆ ಮೂರರಲ್ಲಿ ಎರಡು ಪಾಲು, ಇಷ್ಟು ದೂರದೊಳಗೆ ಹೊಸ ಸಂತೆಯನ್ನು ಹೂಡಬಾರದು. ಏಕೆ? ಮನುಷ್ಯನೊಬ್ಬನು ಒಂದು ದಿನಕ್ಕೆ ಇಪ್ಪತ್ತು ಮೈಲಿ ನಡೆದಾನು. ದಿನವನ್ನು ಮೂರು ಪಾಲು ಮಾಡಿ, ಒಂದು ಪಾಲು ಹೋಗುವುದಕ್ಕೆ, ಒಂದು ವ್ಯಾಪಾರಕ್ಕೆ, ಒಂದು ಕತ್ತಲಾಗುವುದರೊಳಗೆ ಮನೆ ಸೇರುವುದಕ್ಕೆ. ನಮ್ಮ ಸೀಮೆಯ ಎತ್ತುಗಳು ಬ್ರಾಕ್ಟನ್ನನ ಹೆಸರನ್ನು ಕೇಳಿರಲಾರವು. ಆದರೂ ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ಏಳೆಂಟು ಮೈಲಿ. ಚಾಮರಾಜನಗರದಿಂದ ಸಂತೇಮರಹಳ್ಳಿಗೂ ಹೆಚ್ಚು ಕಡಮೆ ಅಷ್ಟೇ. ಸಂತೇಮರಹಳ್ಳಿಯ ಹೆಸರಿನಲ್ಲಿಯೇ ಸಂತೆ ಕುಳಿತಿದೆ. ‘ಕತ್ತಲಾಗುವುದರೊಳಗೆ’ ಎಂಬ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿರಬೇಕು. ಮುಂದೆ ಅದಕ್ಕೆ ಕೆಲಸವಿದೆ.

ಅರಿಕೊಟ್ಟಾರದ ಶಾಸನ

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಅರಿಗಳಿಗೆ, ಎಂದರೆ ವೈರಿಗಳಿಗೆ, ಕೊಡಲಿಯಂಥದು ಎಂದು ಪಂಡಿತರು ಅರ್ಥ ಹೇಳುವರು. ಕೇಳಲು ಗಂಭೀರವಾಗಿಯೇ ಇದೆ. ಆದರೆ ಹಳೆಯ ಶಾಸನದಲ್ಲಿ ಕಾಣುವ ರೂಪ ಅರಿಕೊಟ್ಟಾರ. ಕೊಟ್ಟಾರವೆಂದರೆ ಕನ್ನಡದಲ್ಲಿ ಉಗ್ರಾಣ, ದವಸ ತುಂಬುವ ಮನೆ. ಕೊಡಲಿಗಿಂತ ಕಣಜವೇ ಈ ಊರಿಗೆ ಹೆಚ್ಚು ಒಪ್ಪುವುದೆಂದು ನನ್ನ ಊಹೆ. ದಂಡಿನವರ ಕಾಲದಲ್ಲಿ ಕಣಜವು ಕೊಡಲಿಯಾದದ್ದು ಆಶ್ಚರ್ಯವಲ್ಲ.

ಊರಿನ ಪಾರ್ಶ್ವನಾಥ ಬಸದಿಗೆ ಹೋಗುವ ಪ್ರವಾಸಿಗರು ವಿರಳ. ಹೊರಗಿನಿಂದ ನೋಡಿದರೆ ಹಳೇಬೀಡು ಬೇಲೂರುಗಳ ಸೊಬಗು ಅಲ್ಲಿಲ್ಲ, ನಿಜ. ಇದನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸ, ಕಾಲ ಕ್ರಿ.ಶ. 1117. ಇಲ್ಲಿಯ ಶಾಸನವನ್ನು ಬಿ. ಎಲ್. ರೈಸ್ ಅವರು 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಪುಣಿಸನು ತೋಡರನ್ನು ಬೆದರಿಸಿದುದು, ಕೊಂಗರನ್ನು ನೆಲದಡಿಗೆ ಓಡಿಸಿದುದು, ಮಲೆಯಾಳರನ್ನು ಮುರಿದುದು, ನೀಲಗಿರಿಯನ್ನು ಹೊಕ್ಕು ಅದರ ಶಿಖರವನ್ನು ಜಯಲಕ್ಷ್ಮಿಗೆ ಒಪ್ಪಿಸಿದುದು ಇವೆಲ್ಲ ಅದರಲ್ಲಿ ವರ್ಣಿತವಾಗಿವೆ. ನೀಲಗಿರಿಯ ಹೆಸರೂ ಅಲ್ಲಿಯ ತೋಡರ ಹೆಸರೂ ಕಾಣುವ ಅತಿ ಪ್ರಾಚೀನ ದಾಖಲೆಗಳಲ್ಲಿ ಇದೊಂದು. ಇಂದು ನಾವು ಹನಿಮೂನಿಗೆಂದು ಹತ್ತುವ ಬೆಟ್ಟದ ಹೆಸರು ಮೊದಲು ಕಲ್ಲಿಗೆ ಬಿದ್ದದ್ದು ಊಟಿಯಲ್ಲಲ್ಲ, ಚಾಮರಾಜನಗರದಲ್ಲಿ ಎನ್ನಬಹುದು.

ಗೆದ್ದವರೆಲ್ಲ ಇಂಥ ಶಾಸನಗಳನ್ನು ಹಾಕಿಸುತ್ತಿದ್ದರು. ಅದರಲ್ಲೇನು ವಿಶೇಷ ಎಂದು ಯಾರಾದರೂ ಕೇಳಬಹುದು. ವಿಶೇಷವು ಅದರ ಮುಂದಿನ ಮಾತಿನಲ್ಲಿದೆ. ದಿವಾಳಿಯಾದ ವರ್ತಕ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ಅಧಿಕಾರ ಕಳೆದುಕೊಂಡು ಆಳಾಗಿ ಹೋದ ಕಿರಾತರ ನಾಯಕ, ಇವರೆಲ್ಲರಿಗೂ ಪುಣಿಸನು ಅವರವರು ಕಳೆದುಕೊಂಡುದನ್ನು ಕೊಟ್ಟು ಕಾಪಾಡಿದನೆಂದು ಶಾಸನವು ಹೇಳುತ್ತದೆ. ಹೊಗಳುಭಟ್ಟರ ಅತಿಶಯೋಕ್ತಿ ಸ್ವಲ್ಪ ಇದ್ದೀತು; ಅದನ್ನು ಕಳೆದರೂ ಉಳಿಯುವುದೇನು ಕಡಮೆಯೆ? ವರ್ತಕ, ಬೇಸಾಯಗಾರ, ಕಾಡಿನವ: ಒಂದು ಸಂತೆಯು ಎದ್ದು ನಿಲ್ಲಬೇಕಾದರೆ ಬೇಕಾದ ಮೂವರನ್ನೇ ಆರಿಸಿ ಹೇಳಿದೆ. ಯುದ್ಧ ಮುಗಿದ ಮೇಲೆ ದಂಡನಾಯಕನಾದವನಿಗೆ ಬಿತ್ತನೆಯ ಬೀಜದ ಚಿಂತೆ ಹತ್ತಿದ್ದು ನಮ್ಮ ಶಾಸನಗಳಲ್ಲಿ ಪದೇ ಪದೇ ಕಾಣುವ ಸಂಗತಿಯಲ್ಲ. ಈ ಕಲ್ಲಿನ ಮುಂದೆ ನನ್ನ ವಿದ್ಯಾರ್ಥಿಗಳನ್ನು ನಿಲ್ಲಿಸಿ ಅರ್ಥ ಹೇಳಿದಾಗ, ಬಾಳೆ ಬೆಳೆದು ಕೈ ಸುಟ್ಟುಕೊಂಡ ಮನೆಯ ಹುಡುಗನೊಬ್ಬನು, “ಆವತ್ತೂ ಹಿಂಗೇಯಾ ಸಾರ್?” ಎಂದು ಕೇಳಿದನು. ಅಂಥ ಪ್ರಶ್ನೆ ಪಠ್ಯಪುಸ್ತಕದಿಂದ ಹುಟ್ಟಲಾರದು.

ತಂದೆಯ ಹೆಸರಿನ ಊರು

ಅರಿಕುಠಾರವು ಚಾಮರಾಜನಗರವಾದದ್ದು 1818ರಲ್ಲಿ. ಹೆಸರಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಹೆಸರು ಅವರ ತಂದೆ ಖಾಸಾ ಚಾಮರಾಜ ಒಡೆಯರದು. ಚಾಮರಾಜರು ಹುಟ್ಟಿದುದು ಈ ಊರಿನ ಅರಸು ಮನೆತನದಲ್ಲಿ. ಅವರು ದೊರೆಯಾದ ಬಗೆಯನ್ನು ಒಂದು ಕಥೆಯಂತೆ ಹೇಳುವರು. 1776ರಲ್ಲಿ ಮೈಸೂರಿನ ಗಾದಿ ಬರಿದಾದಾಗ ಹೈದರಾಲಿಯು ರಾಜಬಂಧುಗಳ ಮಕ್ಕಳನ್ನೆಲ್ಲ ಒಂದು ತೊಟ್ಟಿಗೆ ಕರೆಸಿದನಂತೆ. ನೆಲದ ಮೇಲೆ ಹಣ್ಣು, ಮಿಠಾಯಿ, ಹೂವು, ಆಟದ ಸಾಮಾನು, ಹಣದ ಚೀಲ ಎಲ್ಲವೂ ಹರಡಿದ್ದುವು. ಮಕ್ಕಳು ತಿಂಡಿಗೆ ಮುಗಿಬಿದ್ದರು. ಒಂದು ಕೂಸು ಮಾತ್ರ ಥಳಥಳಿಸುವ ಪುಟ್ಟ ಕಠಾರಿಯನ್ನು ಕೈಗೆತ್ತಿಕೊಂಡಿತು. “ಇವನೇ ರಾಜ” ಎಂದನಂತೆ ಹೈದರ್. ಅರಿಕುಠಾರದ ಕೂಸಿಗೆ ಕಠಾರಿಯೇ ಸಿಕ್ಕಿತೆಂದು ಪದಚಮತ್ಕಾರ ಮಾಡುವವರು ಮಾಡಬಹುದು. ಆ ಕಠಾರಿಯಿಂದ ಆ ರಾಜರಿಗೆ ಆದ ಪ್ರಯೋಜನವಾದರೂ ಏನು? ಇಪ್ಪತ್ತು ವರ್ಷ ಹೆಸರಿಗೆ ಮಾತ್ರ ದೊರೆಯಾಗಿದ್ದು, 1796ರಲ್ಲಿ ಸಿಡುಬಿನಿಂದ ತೀರಿಕೊಂಡರು. ಆಗ ಮಗ ಕೃಷ್ಣರಾಜರಿಗೆ ವಯಸ್ಸು ಎರಡು.

ತಂದೆಯ ಮುಖವು ನೆನಪಿನಲ್ಲಿ ಉಳಿದಿರಲಾರದ ಮಗನೇ ಮುಂದೆ ತಂದೆಯ ಹುಟ್ಟೂರಿಗೆ ಆತನ ಹೆಸರಿಟ್ಟು, ಹುಟ್ಟಿದ ಸ್ಥಳದಲ್ಲಿ ಜನನಮಂಟಪವನ್ನು ಕಟ್ಟಿಸಿ, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಎತ್ತಿಸಿದರು. ಲಿಂಗಕ್ಕೆ ತಂದೆಯ ಹೆಸರು. ಅಮ್ಮನವರಿಗೆ ಕೆಂಪನಂಜಾಂಬೆ ಎಂದು ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರು. ಅಗಲಿಹೋದ ತಂದೆತಾಯಿಗಳನ್ನು ಒಂದೇ ಪ್ರಾಕಾರದೊಳಗೆ ಶಾಶ್ವತವಾಗಿ ಕೂಡಿಸಿಟ್ಟಂತಾಯಿತು. ದೇವಾಲಯವು ವಿಶಾಲವಾದುದು, ಸುತ್ತುಗಟ್ಟಿನ ಲಿಂಗಗಳ ಸಾಲು, ಶಿವನ ಲೀಲಾಮೂರ್ತಿಗಳು ನಂಜನಗೂಡನ್ನು ನೆನಪಿಗೆ ತರುತ್ತವೆ. ಶಿಲ್ಪದ ಸೂಕ್ಷ್ಮತೆಯನ್ನು ಹುಡುಕಿಕೊಂಡು ಹೋಗುವವರಿಗೆ ಕೊಂಚ ನಿರಾಸೆಯಾದೀತು. ಕಟ್ಟಡಕ್ಕಿಂತ ಹೆಚ್ಚಿನದು ಇಲ್ಲಿಯ ಜಾತ್ರೆ.

ಆಷಾಢದಲ್ಲಿ ನಮ್ಮವರು ಮದುವೆ ಮುಂಜಿ ಮಾಡರು. ಹೊಸದಾಗಿ ಮದುವೆಯಾದ ಹೆಣ್ಣನ್ನು ತವರಿಗೆ ಕರೆದೊಯ್ಯುವರು. ಅತ್ತೆ ಸೊಸೆ ಒಂದೇ ಹೊಸಲನ್ನು ದಾಟಬಾರದೆನ್ನುವರು. ದೇವರ ತೇರುಗಳೂ ಸಾಮಾನ್ಯವಾಗಿ ಆ ತಿಂಗಳು ಮನೆಯಲ್ಲೇ. ಚಾಮರಾಜೇಶ್ವರನ ತೇರು ಮಾತ್ರ ಆಷಾಢದಲ್ಲಿಯೇ ಎಳೆಯಬೇಕು. ಅದಕ್ಕೆ ಬರಬೇಕಾದವರಾದರೂ ಯಾರು? ಬೇರೆ ಬೇರೆ ಮನೆಗಳಲ್ಲಿ ದಿನ ಎಣಿಸುತ್ತಿರುವ ಹೊಸ ದಂಪತಿಗಳೇ! ಹೆಣ್ಣು ತನ್ನ ತವರಿನವರೊಡನೆ ಬರುವಳು, ಗಂಡು ತನ್ನ ಊರಿನಿಂದ ಬರುವನು. ಇಬ್ಬರೂ ಕೂಡಿ ಹಣ್ಣು-ಜವನವನ್ನು ತೇರಿನ ಮೇಲಕ್ಕೆ ಎಸೆದು ಕೈಮುಗಿಯುವರು. ಕಟ್ಟಳೆಯನ್ನು ಮಾಡಿದ ಹಿರಿಯರು ಕಟ್ಟಳೆಯೊಳಗೊಂದು ಕಿಟಕಿಯನ್ನೂ ಇಟ್ಟಿದ್ದರು. ಬಳೆ, ಹೂವು, ಪುರಿ, ಬತ್ತಾಸಿನ ಅಂಗಡಿಗಳಿಗೆ ಆ ದಿನದ ವ್ಯಾಪಾರ ಎಷ್ಟೋ ವಾರದ ಸಂತೆಗೆ ಸಮ.

2017ರಲ್ಲಿ ಕಿಡಿಗೇಡಿಯೊಬ್ಬನು ತೇರಿಗೆ ಬೆಂಕಿಯಿಟ್ಟನು. ಹಳೆಯ ರಥವು ಸುಟ್ಟು ಕೆಲಸಕ್ಕೆ ಬಾರದಾಯಿತು. ಹೊಸ ರಥ ಸಿದ್ಧವಾಗಿ ಮತ್ತೆ ಉತ್ಸವ ನಡೆದುದು 2022ರ ಜುಲೈ ತಿಂಗಳಲ್ಲಿ. ನಡುವಿನ ಐದು ಆಷಾಢಗಳು ತೇರಿಲ್ಲದೆ ಕಳೆದುವು; ಅದರಲ್ಲೆರಡು ಕೊರೋನಾ ಕಾಲದವು. ನಗರದವರಿಗೆ ಇದು ಸಣ್ಣ ವಿಷಯವಾಗಿ ಕಂಡೀತು. ಈ ಸೀಮೆಯವರಿಗೆ ಹಾಗಲ್ಲ. ಆ ಐದು ವರ್ಷಗಳಲ್ಲಿ ಮದುವೆಯಾದವರ ಪಾಲಿಗೆ ಒಂದು ಬಾಕಿ ಉಳಿಯಿತು. 2022ರಲ್ಲಿ ತೇರು ಹೊರಟಾಗ ನನ್ನ ಪರಿಚಯದ ದಂಪತಿಗಳು ನಾಲ್ಕು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಹಣ್ಣು-ಜವನ ಎಸೆದರು. ಮಗುವಿನ ಕೈಯಲ್ಲೂ ಒಂದು ಬಾಳೆಹಣ್ಣು ಇತ್ತು. ಅದು ಎಸೆಯಲಿಲ್ಲ, ತಿಂದುಬಿಟ್ಟಿತು.

ಕಂಬಿ ಮುಗಿದ ಊರು

ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿ ಬಂದ ರೈಲು ಚಾಮರಾಜನಗರಕ್ಕೆ ಬಂದದ್ದು 1926ರಲ್ಲಿ. ಒಟ್ಟು 61 ಕಿಲೋಮೀಟರ್. ಮೀಟರ್ ಗೇಜು ಹೋಗಿ 2008ರಲ್ಲಿ ಬ್ರಾಡ್ ಗೇಜು ಆಯಿತು. ಅಲ್ಲಿಂದ ಘಟ್ಟವನ್ನಿಳಿಸಿ ಕೊಯಮತ್ತೂರಿನ ಕಡೆಗೆ ಕಂಬಿಯನ್ನು ಮುಂದುವರಿಸಬೇಕೆಂಬ ಮಾತು ತಲೆಮಾರುಗಳಿಂದ ನಡೆದಿದೆ. ನಡುವೆ ಕಾಡು ಅಡ್ಡ ನಿಂತಿದೆ. ಆದುದರಿಂದ ಈ ಊರಿನ ಅರಿಸಿನವು ಈರೋಡಿನ ಮಾರುಕಟ್ಟೆಗೆ ಹೋಗಬೇಕಾದರೆ ಲಾರಿಯೇ ಗತಿ. ಅರಿಸಿನ, ಬಾಳೆ, ರೇಷ್ಮೆಗೂಡು, ಚೆನ್ನೀಪುರದಮೋಳೆಯ ಮಾರುಕಟ್ಟೆಗೆ ಬರುವ ಬಿಡಿ ಹೂವು, ಇವು ಇಲ್ಲಿಯ ಸರಕು. ಇನ್ನೊಂದು ಸರಕು ನೆಲದಡಿಯದು. ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತದೆ. ಸಮಾಧಿಗಳ ಮೇಲೆ ನಿಲ್ಲಿಸುವ ನುಣುಪು ಕಲ್ಲಿಗೆ ಇದು ಬಹಳ ಬೇಕಾದುದು. ಗೋಪುರಕ್ಕಾಗಲಿ ಗೋರಿಗಾಗಲಿ ಕಲ್ಲಿನ ವ್ಯಾಪಾರಿಗೆ ಲೆಕ್ಕ ಒಂದೇ.

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಡಿಸಿ ಚಾಮರಾಜನಗರವನ್ನು ಜಿಲ್ಲೆಯ ಮುಖ್ಯಸ್ಥಳವನ್ನಾಗಿ ಮಾಡಿದರು. ಅದಕ್ಕಿಂತಲೂ ಬೇಗ ಹಬ್ಬಿದ ಕೀರ್ತಿ ಇನ್ನೊಂದಿತ್ತು: ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಗಳು ಅಧಿಕಾರ ಕಳೆದುಕೊಳ್ಳುವರೆಂಬುದು! ಹೊಸ ಜಿಲ್ಲೆಯ ಉದ್ಘಾಟನೆಯನ್ನು ಅಂದಿನ ಮುಖ್ಯಮಂತ್ರಿ ಜೆ. ಎಚ್. ಪಟೇಲರು ಊರಿಗೆ ಬಾರದೆ ಮಲೆ ಮಹದೇಶ್ವರ ಬೆಟ್ಟದಿಂದಲೇ ನೆರವೇರಿಸಿದರು. ಸಿದ್ದರಾಮಯ್ಯನವರು 2013ರಲ್ಲಿ ಮುಖ್ಯಮಂತ್ರಿಗಳಾದ ಮೇಲೆ ಇಲ್ಲಿಗೆ ಮತ್ತೆ ಮತ್ತೆ ಬಂದು, ಐದು ವರ್ಷದ ಅವಧಿಯನ್ನು ಪೂರೈಸಿ, ಆ ಮಾತಿನ ಕಾಲು ಮುರಿದರು. ಅಧಿಕಾರವು ಹೋಗುವುದಾದರೆ ಯಾವ ಊರಿನಲ್ಲಿದ್ದರೂ ಹೋಗುವುದು. ಆದರೆ ದೊಡ್ಡವರ ಈ ಅಂಜಿಕೆಯಿಂದ ನಷ್ಟವಾದದ್ದು ಯಾರಿಗೆ? ಮಂತ್ರಿಗಳು ಬಾರದ ಊರಿಗೆ ಡಾಮರು ಸಹ ತಡವಾಗಿ ಬರುತ್ತದೆಂಬುದು ಇಲ್ಲಿಯವರ ಅನುಭವ.

ಊರಿನ ಸುತ್ತ ನೋಡತಕ್ಕ ಸ್ಥಳಗಳನ್ನೆಲ್ಲ ಹೇಳಲು ಹೊರಟರೆ ಪುಟ ಸಾಲದು. ಕನ್ನಡದ ಮೇಷ್ಟರಾದ ನನಗೆ ಪಕ್ಷಪಾತ ಉಂಟಾಗಿ, ಸಾಹಿತ್ಯದ ಊರುಗಳತ್ತ ಕೈ ತೋರಿಸಿ ಮುಂದೆ ಹೋಗುತ್ತೇನೆ. ‘ರಾಜಾವಳಿ ಕಥೆ’ಯನ್ನು ಬರೆದ ದೇವಚಂದ್ರನು ಇದೇ ತಾಲ್ಲೂಕಿನ ಮಲೆಯೂರು ಕನಕಗಿರಿಯವನು. ತೋಂಟದ ಸಿದ್ಧಲಿಂಗ ಯತಿಗಳಿಗೆ ಹರದನಹಳ್ಳಿಯ ನಂಟು. ಕಾವೇರಿಯ ಕಡೆಗೆ ಹೋದರೆ ಯಳಂದೂರು. ‘ಹದಿಬದೆಯ ಧರ್ಮ’ದ ಸಂಚಿಯ ಹೊನ್ನಮ್ಮನ ಊರು, ‘ರಾಜಶೇಖರವಿಳಾಸ’ದ ಷಡಕ್ಷರದೇವನು ನೆಲಸಿದ ಊರು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಅಲ್ಲಿಯ ಗೌರೀಶ್ವರ ದೇವಾಲಯದ ಬಳೇಮಂಟಪವನ್ನು ನೋಡದೆ ಬರಬಾರದು. ಅಲ್ಲಿಂದ ಬಿಳಿಗಿರಿರಂಗನ ಬೆಟ್ಟ ಕೂಗಳತೆ. ರಂಗನಾಥನು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂದು ಕಥೆ. ಆದುದರಿಂದ ಸೋಲಿಗರಿಗೆ ಅವನು ದೇವರಿಗಿಂತ ಮೊದಲು ಭಾವ. ಭಾವನನ್ನು ಬೈಯುವ ಹಕ್ಕು ಅವರಿಗುಂಟು!

ತೆಂಕಣ ದಾರಿ ಹಿಡಿದರೆ ತಾಳವಾಡಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯಿಂದ ಮೈಸೂರಿಗೆ ಬಂದಿತು; ಕನ್ನಡವಾಡುವ ತಾಳವಾಡಿ ಮಾತ್ರ ಅತ್ತಲೇ ಉಳಿಯಿತು. ವರನಟ ರಾಜಕುಮಾರರ ಗಾಜನೂರು ಆ ಸೀಮೆಯದೇ. 2000ದ ಜುಲೈ 30ರ ರಾತ್ರಿ ವೀರಪ್ಪನ್ನು ಅವರನ್ನು ಹಿಡಿದೊಯ್ದದ್ದೂ ಅಲ್ಲಿಂದಲೇ. ಬಿಡುಗಡೆಯಾಗುವವರೆಗಿನ 108 ದಿನ ನಾಡೇ ಉಸಿರು ಹಿಡಿದಿದ್ದುದು ಓದುಗರಲ್ಲಿ ಅನೇಕರ ನೆನಪಿನಲ್ಲಿದೆ.

ತೆರಕಣಾಂಬಿಯ ಮಂಡಿ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಹಾದಿಯಲ್ಲಿ ತೆರಕಣಾಂಬಿ ಸಿಕ್ಕುತ್ತದೆ. ಹಿಂದೆ ಇದು ಒಂದು ನಾಡಿನ ರಾಜಧಾನಿಯಾಗಿ ಮೆರೆದ ಸ್ಥಳ. ಲಕ್ಷ್ಮೀವರದರಾಜನ ಗುಡಿ ಆ ಕಾಲದ ಸಾಕ್ಷಿ. ಇಂದು ತೆರಕಣಾಂಬಿ ಎಂದರೆ ತರಕಾರಿ. ಬೆಳಗಿನಿಂದ ಗಾಡಿಗಳೂ ಟೆಂಪೋಗಳೂ ಬಂದು ನಿಲ್ಲುತ್ತವೆ: ಟೊಮ್ಯಾಟೊ, ಬೀನ್ಸು, ಬೀಟ್ರೂಟು, ಎಲೆಕೋಸು, ಕುಂಬಳ, ಸಣ್ಣ ಈರುಳ್ಳಿ. ದಲ್ಲಾಳಿಗಳು ಟೆಲಿಫೋನನ್ನು ಕಿವಿಯಿಂದ ತೆಗೆಯುವುದೇ ಇಲ್ಲ. ಏಕೆಂದರೆ ಕೊಳ್ಳುವವನು ಇಲ್ಲಿಲ್ಲ. ಅವನು ಘಟ್ಟದಾಚೆ, ವಯನಾಡಿನಲ್ಲೋ ಕೋಳಿಕೋಡಿನಲ್ಲೋ ಇದ್ದಾನೆ. ಅಲ್ಲಿಯ ಸಾಂಬಾರಿನ ರುಚಿ ಇಲ್ಲಿಯ ಬೆಲೆಯನ್ನು ಕಟ್ಟುತ್ತದೆ. ಅಲ್ಲಿ ಓಣಂ ಬಂದರೆ ಇಲ್ಲಿ ಕುಂಬಳಕಾಯಿಗೆ ಕೋಡು. ಅಲ್ಲಿ ಮಳೆ ಹೆಚ್ಚಿ ದಾರಿ ಕುಸಿದರೆ ಇಲ್ಲಿ ಟೊಮ್ಯಾಟೊ ಚರಂಡಿಗೆ.

ಅಂಥ ಒಂದು ಮಧ್ಯಾಹ್ನ, ಈರುಳ್ಳಿ ಚೀಲಗಳ ಮೇಲೆ ಕುಳಿತಿದ್ದ ಹಿರಿಯ ರೈತರೊಬ್ಬರನ್ನು ಏಕೆ ಇಷ್ಟು ಅವಸರವೆಂದು ಕೇಳಿದೆ.

“ಒಂಬತ್ತು ಗಂಟಗ ಗೇಟು ಬಿದ್ದೋಯ್ತದ ಸಾ. ಅಷ್ಟ್ರೊಳಗ ಲಾರಿ ಕಾಡು ದಾಟ್ಬುಡ್ಬೇಕು. ದಾಟ್ನಿಲ್ಲಾಂದ್ರ ನಾಳ ಬೆಳುಗ್ಗ ಅಲ್ಲಿ ಸಂತಗ ಸೇರಲ್ಲ. ಸೇರ್ನಿಲ್ಲಾಂದ್ರ ಇವತ್ತಿನ ರೇಟು ಇಲ್ಲ.”

“ಗೇಟು ತೆಗೆದುಬಿಟ್ಟರೆ ಒಳ್ಳೆಯದೇನು, ಯಜಮಾನರೆ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಗುದ್ರ ಲಾರಿಗ ವಳ್ಳೇದು. ಆನಗ ಏನ್ ವಳ್ಳೇದು? ಆನ ಅಲ್ಲಿ ಇರ್ನಿಲ್ಲಾಂದ್ರ ನಮ್ ಹೊಲುಕ್ಕ ಬತ್ತದ” ಎಂದರು.

ಈ ಗೇಟಿನ ವಿಚಾರವನ್ನು ಬಿಡಿಸಿ ಹೇಳಬೇಕಾದರೆ ಗುಂಡ್ಲುಪೇಟೆಗೇ ಹೋಗಬೇಕು.

ಕೌಂಡಿನಿಯ ದಡದಲ್ಲಿ

ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಊರೊಳಗಿನ ವಿಜಯನಾರಾಯಣನ ಗುಡಿಯಲ್ಲಿ ಆ ಹೆಸರಿನ ನೆನಪು ಉಳಿದಿದೆ. ಪಕ್ಕದ ಗುಂಡ್ಲುಹೊಳೆಯನ್ನು ಶಾಸನಗಳು ಕೌಂಡಿನಿ ಎಂದು ಕರೆಯುತ್ತವೆ. ಅದರ ದಡದಲ್ಲಿ ಚಿಕ್ಕದೇವರಾಜ ಒಡೆಯರು ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಉದ್ದೇಶವೇನೆಂದರೆ, ತಮ್ಮ ತಂದೆ ದೊಡ್ಡದೇವರಾಜರಿಗೆ ವಿಷ್ಣುಲೋಕವು ಪ್ರಾಪ್ತವಾಗಲಿ ಎಂಬುದು. ಎಂಥ ಸಾದೃಶ್ಯ ನೋಡಿ! ಎರಡು ಊರು, ಎರಡು ದೇಗುಲ, ಒಂದೂವರೆ ಶತಮಾನದ ಅಂತರ. ಎರಡರಲ್ಲಿಯೂ ಮಗನೊಬ್ಬನು ತಂದೆಯ ಋಣವನ್ನು ಕಲ್ಲಿನಲ್ಲಿ ತೀರಿಸಿದ್ದಾನೆ.

ಚಿಕ್ಕದೇವರಾಜರು 1673ರಿಂದ 1704ರವರೆಗೆ ಆಳಿದವರು. ಮೈಸೂರಿನ ಬೊಕ್ಕಸವನ್ನು ತುಂಬಿದವರು. ತಿರುಮಲಾರ್ಯ, ಚಿಕುಪಾಧ್ಯಾಯ, ಹೊನ್ನಮ್ಮ ಮೊದಲಾದವರಿಗೆ ಆಶ್ರಯ ಕೊಟ್ಟವರು. ಆದರೆ ಪಟ್ಟಕ್ಕೆ ಬರುವ ಮುನ್ನ ಅವರ ಯೌವನದ ಕೆಲವು ಕಾಲ ಕಳೆದುದು ಗುಂಡ್ಲುಪೇಟೆಗೆ ಕೆಲವೇ ಮೈಲಿ ದೂರದ ಹಂಗಳ ಗ್ರಾಮದಲ್ಲಿ, ಕಾವಲಿನೊಳಗೆ. ಅಲ್ಲಿ ಅವರ ಜೊತೆಗಾರನಾಗಿದ್ದವನು ಯಳಂದೂರಿನ ಜೈನ ವಿಶಾಲಾಕ್ಷ ಪಂಡಿತ. ನೀವು ದೊರೆಗಳಾದರೆ ನನಗೇನು ಕೊಡುವಿರಿ ಎಂದು ಪಂಡಿತನು ಕೇಳಿದನಂತೆ. ಪ್ರಧಾನಿಯ ಪದವಿ ಎಂದರಂತೆ ರಾಜಕುಮಾರರು. ಮಾತು ನಡೆಯಿತು. ಪಂಡಿತನು ಪ್ರಧಾನಿಯಾದನು, ತೆರಿಗೆಗಳನ್ನು ಏರಿಸಿದನು, ರೈತರು ಸಿಡಿದೆದ್ದರು, ದಂಗೆಯನ್ನು ಕ್ರೂರವಾಗಿ ಅಡಗಿಸಲಾಯಿತು. ಕೆಲವು ವರ್ಷಗಳಲ್ಲಿ ಪಂಡಿತನೂ ಕೊಲೆಯಾದನು. ಕಾವಲಿನ ಮನೆಯಲ್ಲಿ ಹುಟ್ಟಿದ ಸ್ನೇಹಕ್ಕೆ ನಾಡಿನ ಒಕ್ಕಲಿಗರು ಕಂದಾಯ ಕಟ್ಟಬೇಕಾಗಿ ಬಂದದ್ದು ಚರಿತ್ರೆಯ ವಿಪರ್ಯಾಸ.

ಪರವಾಸುದೇವನ ಗುಡಿಗೆ ಚಾಮರಾಜೇಶ್ವರನ ಭಾಗ್ಯ ದೊರೆಯಲಿಲ್ಲ. ಊರು ಹೆದ್ದಾರಿಯ ಕಡೆಗೆ ಸರಿಯಿತು. ಗುಡಿ ಹೊರಗುಳಿದು ದಶಕಗಟ್ಟಲೆ ಶಿಥಿಲವಾಗಿ ನಿಂತಿತು. ಅದಕ್ಕೆ ಆಷಾಢದಂಥ ಒಂದು ಜಾತ್ರೆ ಅಂಟಿಕೊಂಡಿದ್ದರೆ ಕಥೆ ಬೇರೆಯಾಗುತ್ತಿತ್ತೆಂದು ನನಗೆ ತೋರುತ್ತದೆ. ರಾಜನು ಕಟ್ಟಿಸಿದ್ದನ್ನು ಉಳಿಸುವುದು ಬಳೆ ಮಾರುವವರ, ಪುರಿ ಮಾರುವವರ ಕೈಯಲ್ಲಿದೆ.

ಗುಂಡ್ಲುಪೇಟೆಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಬಂಡೀಪುರದ ಮೂಲಕ ಊಟಿಗೆ. ಇನ್ನೊಂದು ಸುಲ್ತಾನ್ ಬತ್ತೇರಿಯ ಮೂಲಕ ಕೋಳಿಕೋಡಿಗೆ. ಎರಡೂ ಹುಲಿಕಾಡಿನೊಳಗೇ ಹೋಗಬೇಕು. ಬಂಡೀಪುರವು ಮಹಾರಾಜರ ಕಾಲದಲ್ಲಿಯೇ ರಕ್ಷಿತವಾದ ಕಾಡು. 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ, 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲೊಂದಾಗಿ ಹೆಸರು ಪಡೆಯಿತು. ರಾತ್ರಿ ವೇಳೆ ಲಾರಿಗಳ ಚಕ್ರಕ್ಕೆ ಸಿಕ್ಕಿ ಜಿಂಕೆ, ಚಿರತೆ, ಆನೆಮರಿಗಳು ಸಾಯುವುದು ಹೆಚ್ಚಿದಾಗ, 2009ರಲ್ಲಿ ಜಿಲ್ಲಾಧಿಕಾರಿಗಳು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರವನ್ನು ನಿಲ್ಲಿಸಿದರು. 2010ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ರೋಗಿಗಳ ವಾಹನಕ್ಕೂ ಕೆಲವೇ ಸರಕಾರಿ ಬಸ್ಸುಗಳಿಗೂ ವಿನಾಯಿತಿ. ಉಳಿದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಸುತ್ತುದಾರಿ. ಕೇರಳದವರು ಇದನ್ನು ವಿರೋಧಿಸಿ ಅನೇಕ ಬಾರಿ ಚಳವಳಿ ನಡೆಸಿದ್ದಾರೆ. 2022ರಲ್ಲಿ ಚಾಮರಾಜನಗರದ ಕಡೆಯಿಂದ ಸತ್ಯಮಂಗಲಕ್ಕಿಳಿಯುವ ದಿಂಬಂ ಘಟ್ಟದಲ್ಲಿಯೂ ರಾತ್ರಿಯ ತಡೆ ಜಾರಿಗೆ ಬಂದಿತು. ಹೀಗೆ ಎರಡು ಪೇಟೆಗಳ ತೆಂಕಣ ಬಾಗಿಲುಗಳೂ ಕತ್ತಲಾದ ಮೇಲೆ ಮುಚ್ಚುತ್ತವೆ. ಏಳುನೂರು ವರ್ಷಗಳ ಹಿಂದೆ ಬ್ರಾಕ್ಟನ್ ಹಾಕಿದ ಲೆಕ್ಕಕ್ಕೇ ಮರಳಿದಂತಾಯಿತಲ್ಲವೆ?

ನನ್ನ ಮಟ್ಟಿಗೆ ಬಾಗಿಲು ಮುಚ್ಚಿರುವುದೇ ಸರಿ. ಮನುಷ್ಯನಿಗೆ ಹಗಲು ಹದಿನೈದು ಗಂಟೆ ಸಾಕು. ಕಾಡಿಗೆ ಒಂಬತ್ತು ಗಂಟೆಯಾದರೂ ಬೇಡವೆ? ಆದರೆ ಈ ಮಾತನ್ನು ಹೇಳುವುದು ನನಗೆ ಸುಲಭ. ನನ್ನ ಸಂಬಳ ಒಂಬತ್ತು ಗಂಟೆಗೆ ಕೊಳೆಯುವುದಿಲ್ಲ. ಕಾಡನ್ನು ಕಾಯುವ ಖರ್ಚೆಲ್ಲ ತಡವಾಗಿ ಬಂದ ಟೊಮ್ಯಾಟೊ ಗಾಡಿಯವನ ಮೇಲೆಯೇ ಬೀಳಬೇಕೆಂಬುದು ನ್ಯಾಯವಲ್ಲ. ಮಂಡಿಯ ಬಳಿ ಸರಕನ್ನು ಒಂದು ರಾತ್ರಿ ತಣ್ಣಗಿಡುವಷ್ಟು ಶೈತ್ಯಾಗಾರವಿದ್ದರೆ ಆನೆಯೂ ಉಳಿದೀತು, ಈರುಳ್ಳಿಯ ಬೆಲೆಯೂ ಉಳಿದೀತು. ಪುಣಿಸ ದಂಡನಾಯಕನಿದ್ದಿದ್ದರೆ ಮೊದಲು ಇದನ್ನೇ ಮಾಡಿಸುತ್ತಿದ್ದನೇನೋ.

ಮಂಜಿನ ಗೋಪಾಲಸ್ವಾಮಿ

ಹಂಗಳದಿಂದ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಎತ್ತರ 1454 ಮೀಟರ್. ವೇಣುಗೋಪಾಲನ ಗುಡಿಯು ಕ್ರಿ.ಶ. 1315ರಲ್ಲಿ ಹೊಯ್ಸಳ ಬಲ್ಲಾಳನ ಕಾಲದಲ್ಲಿ ಆದುದೆಂದು ಹೇಳುವರು. ಬೇಸಗೆಯಲ್ಲಿಯೂ ಮಂಜು ಬಂದು ಗೋಪುರವನ್ನು ಮುಚ್ಚುವುದುಂಟು. ಪಕ್ಕದಲ್ಲಿ ನಿಂತ ಹೆಂಡತಿಯೂ ಕಾಣದಂತೆ ಕವಿಯುತ್ತದೆಂದು ನಮ್ಮ ಸಹೋದ್ಯೋಗಿಯೊಬ್ಬರು ಉತ್ಸಾಹದಿಂದ ವರ್ಣಿಸಿದ್ದಾರೆ. ಸ್ವಂತ ವಾಹನಗಳನ್ನು ಬೆಟ್ಟದ ಬುಡದಲ್ಲಿಯೇ ನಿಲ್ಲಿಸಬೇಕು. ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿಯೇ ಹೋಗಬೇಕು. ಇದು ಒಳ್ಳೆಯ ಏರ್ಪಾಡು. ಒಮ್ಮೊಮ್ಮೆ ಕಾಡಾನೆಯು ಗುಡಿಯ ಬಳಿಗೇ ಬರುತ್ತದೆ. ಅದಕ್ಕೆ ಬಸ್ಸಿನ ಅಗತ್ಯವಿಲ್ಲ.

ಜೂನ್ ತಿಂಗಳಿನಿಂದ ಆಗಸ್ಟಿನವರೆಗೆ ಹೋಗುವವರಿಗೆ ಇನ್ನೊಂದು ನೋಟವಿದೆ. ರಸ್ತೆಯ ಎರಡು ಬದಿಗೂ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳು ಅರಳಿ ನಿಂತಿರುತ್ತವೆ. ಚೆಂಡುಹೂವಿನ ಬಹುಭಾಗ ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುವುದು. ಕೆಲವು ಓಣಂ ರಂಗವಲ್ಲಿಗೆ. ಹೂವು ಅಲ್ಲಿಗೆ ಹೋಗುವ ಮೊದಲೇ ಕೇರಳದವರೇ ಇಲ್ಲಿಗೆ ಬರುತ್ತಾರೆ, ಹೊಲದ ನಡುವೆ ನಿಂತು ಫೋಟೊ ತೆಗೆಸಿಕೊಳ್ಳಲು. ಮೊದಮೊದಲು ಗಿಡ ತುಳಿದು ಹಾಳಾಗುತ್ತಿತ್ತು. ಈಗ ಕೆಲವು ಹೊಲಗಳಲ್ಲಿ ಬದುವಿನ ಮೇಲೆ ಯಜಮಾನನೇ ಕುರ್ಚಿ ಹಾಕಿಕೊಂಡು ಕುಳಿತಿದ್ದಾನೆ; ತಲೆಗಿಷ್ಟೆಂದು ಹಣ ಕೊಟ್ಟರೆ ಒಳಗೆ ಬಿಡುವನು. ಹೂವನ್ನು ಮಾರುವುದಕ್ಕೆ ಮುಂಚೆ ಹೂವಿನ ನೋಟವನ್ನು ಮಾರುವ ಈ ವ್ಯಾಪಾರವು ಅವನಿಗೆ ಯಾರೂ ಕಲಿಸಿದ್ದಲ್ಲ. ಹಳೆಯ ಸಂತೆಯ ಊರಿನವನು; ಬೇಗ ಕಲಿತನು.

ಬೆಟ್ಟದಿಂದ ಕೊನೆಯ ಬಸ್ಸು ಕತ್ತಲಿಗೆ ಬಹಳ ಮುಂಚೆಯೇ ಇಳಿಯುತ್ತದೆ. ಗುಂಡ್ಲುಪೇಟೆಗೆ ಮರಳಿ ಬಂದವರು ಈ ಬಾರಿ ಹತ್ತು ನಿಮಿಷಕ್ಕೆ ಬದಲು ಒಂದು ಗಂಟೆ ಉಳಿದು, ವಿಜಯನಾರಾಯಣನನ್ನೂ ಹೊಳೆಯ ದಡದ ಹಳೆಯ ಗುಡಿಯನ್ನೂ ನೋಡಬಹುದು. ಏಳೂವರೆಯ ಹೊತ್ತಿಗೆ ಕವಲುದಾರಿಯ ಬಳಿ ನಿಂತರೆ, ತಾರ್ಪಾಲು ಬಿಗಿದ ಲಾರಿಗಳು ಒಂದರ ಹಿಂದೊಂದು ತೆಂಕಣಕ್ಕೆ ಹೋಗುತ್ತಿರುತ್ತವೆ. ಎಂಟೂವರೆಯಾದ ಮೇಲೆ ಬಂದವು ರಸ್ತೆಯ ಅಂಚಿಗೆ ಸರಿದು ನಿಲ್ಲುವುವು; ಚಾಲಕರು ಸ್ಟೌವು ಹೊತ್ತಿಸಿ ಅನ್ನಕ್ಕಿಡುವರು.